ಒಣಗಿದ್ದ ಪಿಟ್ ನೋಡಿ ಬರೆದ ಎಸ್ಟಿಮೇಟ್

ಬೆಂಗಳೂರಿನ ಒಂದು ಸಾರ್ವಜನಿಕ ಪಾರ್ಕಿಂಗ್ ಕಟ್ಟಡದ ಹಳೆಯ ಲಿಫ್ಟ್ ತೆಗೆದು ಹೊಸದನ್ನು ಕೂರಿಸುವ ಕೆಲಸಕ್ಕೆ ಎಸ್ಟಿಮೇಟ್ ಬರೆದವನು ನಾನು. ಎಳೆಯುವ ಗೇಟು, ರಿಲೇ ಪ್ಯಾನೆಲ್ ಇದ್ದ ಆ ಲಿಫ್ಟ್ ಪದೇ ಪದೇ ಕೈಕೊಡುತ್ತಿತ್ತು. ಮೇಲಿನ ಮಹಡಿಯಲ್ಲಿ ಗಾಡಿ ನಿಲ್ಲಿಸಿದ ವಯಸ್ಸಾದವರು ಕಾರುಗಳ ನಡುವೆ ರ‍್ಯಾಂಪಿನಲ್ಲೇ ನಡೆದು ಇಳಿಯುತ್ತಿದ್ದರು. ಆದಷ್ಟು ಬೇಗ ಕೆಲಸ ಮುಗಿಸಬೇಕೆಂಬ ತವಕದಲ್ಲಿ, ಲಿಫ್ಟಿನ ಕೆಳಗಿನ ಗುಂಡಿಯಾದ ಪಿಟ್ಟಿನ ವಾಟರ್‌ಪ್ರೂಫಿಂಗ್ ಮತ್ತು ಅಲ್ಲಿ ಸೇರುವ ನೀರನ್ನು ಹೊರಹಾಕುವ ಸಂಪ್ ಪಂಪ್ ಸಿವಿಲ್ ವಿಭಾಗಕ್ಕೆ ಸೇರಿದ ಬಾಬತ್ತು, ಸೇರಿಸಿದರೆ ಕಡತ ಇನ್ನಷ್ಟು ಮೇಜು ಸುತ್ತುತ್ತದೆ ಎಂದು ಅದನ್ನು ಕೈಬಿಟ್ಟೆ. ಮಾರ್ಚ್‌ನಲ್ಲಿ ಟಾರ್ಚ್ ಹಾಕಿ ನೋಡಿದಾಗ ಪಿಟ್ಟಿನ ನೆಲ ಒಣಗಿತ್ತು.

ಹೊಸ ಲಿಫ್ಟ್‌ಗೆ ಆಪರೇಟರ್ ಬೇಡವೆಂದು ಮೇಲಿನಿಂದ ತೀರ್ಮಾನವಾಯಿತು. ಬಹಳ ವರ್ಷ ಆ ಸ್ಟೂಲಿನ ಮೇಲೆ ಕುಳಿತಿದ್ದವರು ಕೀಲಿ ಒಪ್ಪಿಸುವಾಗ, “ಸರ್, ಮಳೆ ಬಂದಾಗ ಕೆಳಗೊಂದ್ಸಲ ನೋಡಿಸ್ತಾ ಇರಿ” ಎಂದರು. ನಾನು ಹೂಂ ಎಂದೆನೇ ಹೊರತು ಏಕೆಂದು ಕೇಳಲಿಲ್ಲ.

2012ರ ಲಿಫ್ಟ್ ಅಧಿನಿಯಮದಂತೆ ವಿದ್ಯುತ್ ಪರಿವೀಕ್ಷಣಾಲಯದ ಪರಿಶೀಲನೆ ಮುಗಿದು ಪರವಾನಗಿ ಬಂತು, ಲಿಫ್ಟ್ ಓಡಲಾರಂಭಿಸಿತು. ಮೊದಲ ದೊಡ್ಡ ಮಳೆಯ ಸಂಜೆ, ನಾನು ಅಲ್ಲೇ ಮೀಟರ್ ರೂಮಿನಲ್ಲಿದ್ದಾಗ, ಎರಡು ಮಹಡಿಗಳ ನಡುವೆ ಅದು ನಿಂತುಬಿಟ್ಟಿತು. ಒಳಗೆ ಒಬ್ಬ ಅಜ್ಜಿ, ಅವರ ಮಗಳು, ಶಾಲೆಯ ಬ್ಯಾಗ್ ಹಾಕಿಕೊಂಡ ಮೊಮ್ಮಗ. ಕರೆಂಟ್ ಹೋಗಿರಬೇಕೆಂದುಕೊಂಡ ನಾನು ಇಂಟರ್‌ಕಾಮ್‌ನಲ್ಲಿ, “ಗಾಬರಿಯಾಗಬೇಡಿ ಅಮ್ಮ, ಅರ್ಧ ನಿಮಿಷದಲ್ಲಿ ತಾನೇ ಮಹಡಿಗೆ ಬರುತ್ತದೆ” ಎಂದು ಹೇಳಿದೆ. ಕರೆಂಟ್ ಹೋದಾಗ ಬ್ಯಾಟರಿಯಿಂದ ಲಿಫ್ಟನ್ನು ಹತ್ತಿರದ ಮಹಡಿಗೆ ತರುವ ಎಆರ್‌ಡಿ ಇದೆಯಲ್ಲ ಎಂಬ ಭರವಸೆ. ಒಂದು ನಿಮಿಷವಾಯಿತು, ಎರಡಾಯಿತು, ಲಿಫ್ಟ್ ಕದಲಲಿಲ್ಲ. “ಬರುತ್ತೆ ಅಂದ್ರಲ್ಲ ಸರ್?” ಎಂದು ಒಳಗಿನಿಂದ ಬಂದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಹುಡುಗ ಅಳುವುದು ಬಾಗಿಲಿನ ಸಂದಿಯಿಂದಲೇ ಕೇಳಿಸುತ್ತಿತ್ತು. ಸುರಕ್ಷತಾ ಸ್ವಿಚ್‌ಗಳನ್ನು ಕೂಡಿಸಿದ ಸೇಫ್ಟಿ ಸರ್ಕ್ಯೂಟ್ ಕಡಿದು ತೆರೆದುಕೊಂಡಿದ್ದರೆ ಎಆರ್‌ಡಿ ಲಿಫ್ಟನ್ನು ಚಲಿಸಗೊಡುವುದಿಲ್ಲ, ಚಲಿಸಗೊಡಬಾರದು. ಇದು ನನಗೆ ಗೊತ್ತಿದ್ದ ವಿಷಯವೇ ಆಗಿದ್ದರೂ ಆ ಹೊತ್ತಿನಲ್ಲಿ ಹೊಳೆಯಲಿಲ್ಲ.

ಮೆಕ್ಯಾನಿಕ್ ಮಳೆಯಲ್ಲಿ ಬೈಕ್ ಓಡಿಸಿಕೊಂಡು ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಮೇನ್ ಆಫ್ ಮಾಡಿ ಬ್ರೇಕ್ ಸಡಿಲಿಸಿದರೆ ಲಿಫ್ಟ್ ತಾನಾಗಿಯೇ ಮೇಲಕ್ಕೆ ಹೋಗುತ್ತದೆ ಎಂದರು. ಎಂಟು ಜನರ, ಅಂದರೆ 544 ಕೆ.ಜಿ.ಯ ಲಿಫ್ಟ್, ರೋಪಿನ ಇನ್ನೊಂದು ತುದಿಗೆ ತೂಗುವ ಕೌಂಟರ್‌ವೇಟ್‌ನಲ್ಲಿ ಕ್ಯಾಬಿನ್ನಿನ ತೂಕದ ಮೇಲೆ ಆ 544ರ ಸುಮಾರು ಅರ್ಧ ಸೇರಿರುತ್ತದೆ, ಒಳಗಿದ್ದ ಮೂವರ ಭಾರ ಆ ಅರ್ಧಕ್ಕಿಂತ ಕಡಿಮೆ. ಆದರೆ ಮಷೀನ್ ರೂಮಿನಲ್ಲಿ ಅವರು ರೋಪಿನ ಮೇಲೆ ಟಾರ್ಚ್ ಬಿಟ್ಟು ಹುಡುಕಿದ, ಕ್ಯಾಬಿನ್ ಮಹಡಿಗೆ ಸಮವಾದದ್ದನ್ನು ತೋರುವ ಗುರುತುಗಳು ಅಲ್ಲಿರಲಿಲ್ಲ. ಹಳೆಯ ರೋಪಿಗೆ ಹಳದಿ ಬಣ್ಣದ ಪಟ್ಟಿಗಳಿದ್ದವು. ಹೊಸ ರೋಪಿಗೆ ಬಣ್ಣ ಹಚ್ಚಿಸುವುದನ್ನು ಯಾರೂ ನೆನಪಿಸಿರಲಿಲ್ಲ, ನಾನೂ ಬಿಲ್ಲಿಗೆ ಸಹಿ ಹಾಕುವ ಮುನ್ನ ನೋಡಿರಲಿಲ್ಲ. ಕೊನೆಗೆ ನಾನು ಮಹಡಿಯ ಬಾಗಿಲ ಬಳಿ ನಿಂತು ಫೋನಿನಲ್ಲಿ “ಇನ್ನು ಸ್ವಲ್ಪ, ಇನ್ನು ಸ್ವಲ್ಪ, ಸಾಕು” ಎನ್ನುತ್ತಾ ಹೋದೆ, ಅವರು ಲಿಫ್ಟ್ ಅಂಗೈಯಗಲದಷ್ಟೇ ಏರುವಂತೆ ಬ್ರೇಕ್ ಬಿಟ್ಟು ಹಿಡಿಯುತ್ತಾ ಬಂದರು. ಅಜ್ಜಿ ಹೊರಗೆ ಬಂದು ನನ್ನ ತೋಳನ್ನೇ ಊರಿಕೊಂಡು ನಿಂತರು. ಒಂದು ಮಾತೂ ಬೈಯಲಿಲ್ಲ.

ಪಿಟ್ಟಿನಲ್ಲಿ ಮೊಣಕಾಲುದ್ದ ಕೆಂಪು ನೀರಿತ್ತು. ಲಿಫ್ಟಿನ ವೇಗ ಮಿತಿ ಮೀರದಂತೆ ಕಾಯುವ ಗವರ್ನರ್‌ನ ರೋಪನ್ನು ಬಿಗಿಯಾಗಿಡುವ ಟೆನ್ಷನ್ ಪುಲ್ಲಿಯ ಸ್ವಿಚ್ ಮುಳುಗಿ ಸೇಫ್ಟಿ ಸರ್ಕ್ಯೂಟಿನ ಫ್ಯೂಸ್ ಹೋಗಿತ್ತು. ನೀರಿನ ಮಟ್ಟದ ಮೇಲೆ, ಗೋಡೆಯಲ್ಲಿ, ಹಿಂದಿನ ಮಳೆಗಾಲಗಳ ಕಲೆಗಳು ಒಂದರ ಮೇಲೊಂದು ಗೆರೆಯಾಗಿ ನಿಂತಿದ್ದವು. ಮಾರ್ಚ್‌ನಲ್ಲಿಯೂ ಅವು ಅಲ್ಲೇ ಇದ್ದಿರಬೇಕು. ನಾನು ನೆಲ ನೋಡಿದ್ದೆ, ಗೋಡೆ ನೋಡಿರಲಿಲ್ಲ.

ಮರುದಿನ ಹಳೆಯ ಆಪರೇಟರ್‌ಗೆ ಫೋನ್ ಮಾಡಿದೆ. ರ‍್ಯಾಂಪಿನ ಬುಡದ ಜಾಲರಿಯಲ್ಲಿ ಎಲೆ ಕಟ್ಟಿಕೊಂಡು ನೀರು ಹಿಂದಕ್ಕೆ ತಿರುಗುತ್ತದೆ, ತಾವು ಮಳೆಗೆ ಮುಂಚೆ ಅದನ್ನು ಬಿಡಿಸಿ, ಬಂದ ನೀರನ್ನು ಬಕೆಟ್‌ನಲ್ಲಿ ಎತ್ತಿ ಹಾಕುತ್ತಿದ್ದುದಾಗಿ ಹೇಳಿದರು. ಈ ಕೆಲಸ ಯಾವ ಲಾಗ್‌ಬುಕ್ಕಿನಲ್ಲೂ ಇರಲಿಲ್ಲ. ಸಂಪ್ ಪಂಪಿನ ಕಡತ ಇನ್ನೂ ಸಿವಿಲ್ ವಿಭಾಗದಲ್ಲಿದೆ. ಅದು ಬರುವವರೆಗೆ ಮೋಡ ಕಂಡಾಗ ಜಾಲರಿ ಬಿಡಿಸಲು ದಿನಗೂಲಿಯ ಮೇಲೆ ಅವರನ್ನೇ ಕರೆಸುತ್ತಿದ್ದೇನೆ.