‘ಯಾವ ಸಾಫ್ಟ್‌ವೇರ್ ಕಲಿಯಲಿ?’ – ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ನಾನು ವಿಡಿಯೋ ಎಡಿಟರ್. ಕಿರುಚಿತ್ರ, ಸಾಕ್ಷ್ಯಚಿತ್ರ, ಜಾಹೀರಾತು, ಅನಿಮೇಶನ್ ಅಂತ ಬೇರೆ ಬೇರೆ ಕೆಲಸ ಮಾಡುತ್ತಾ ಬಂದಿದ್ದೇನೆ. ಈ ಕ್ಷೇತ್ರಕ್ಕೆ ಬರಬೇಕು ಅನ್ನುವವರು ಆಗಾಗ ನನಗೆ ಬರೆಯುತ್ತಾರೆ. ಎಲ್ಲರ ಮಾತೂ ಹೆಚ್ಚುಕಡಿಮೆ ಒಂದೇ: ‘ಸರ್, ನನಗೆ ಮೀಡಿಯಾದಲ್ಲಿ ಕೆಲಸ ಮಾಡುವ ಆಸೆ. ಯಾವ ಸಾಫ್ಟ್‌ವೇರ್ ಕಲಿಯಲಿ?’

ಪ್ರಶ್ನೆಯಲ್ಲಿ ತಪ್ಪೇನಿಲ್ಲ. ನಾನೂ ಶುರುವಿನಲ್ಲಿ ಇದನ್ನೇ ಕೇಳಿದ್ದೆ. ಸಾಫ್ಟ್‌ವೇರ್ ಹೆಸರನ್ನೂ ಕೊನೆಯಲ್ಲಿ ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ನಾನೇ ಅವರಿಗೊಂದು ಪ್ರಶ್ನೆ ಕೇಳುತ್ತೇನೆ: ನೀವು ಮಾಡಿದ ಕೆಲಸ ನಿಮ್ಮ ನಂತರ ಯಾರ ಕೈಗೆ ಹೋಗುತ್ತದೆ? ಅವರಿಗೆ ಅದು ಯಾವ ಸ್ಥಿತಿಯಲ್ಲಿ ಸಿಗಬೇಕು?

ಬಹಳ ಜನಕ್ಕೆ ಇದು ವಿಚಿತ್ರ ಅನ್ನಿಸುತ್ತದೆ. ಕಲೆಯ ಬಗ್ಗೆ ಕೇಳಿದರೆ ಇವರು ಕೈ ಬದಲಾಯಿಸುವ ಬಗ್ಗೆ ಹೇಳುತ್ತಿದ್ದಾರಲ್ಲ ಅಂತ. ಆದರೆ ಸಿನಿಮಾ, ಗೇಮ್, ಅನಿಮೇಶನ್, ಪಾಡ್‌ಕಾಸ್ಟ್, ಯಾವುದನ್ನೇ ತೆಗೆದುಕೊಳ್ಳಿ, ಸಂಬಳ ಸಿಗುವ ಕೆಲಸದಲ್ಲಿ ಪೂರ್ತಿ ಒಬ್ಬರೇ ಮಾಡಿ ಮುಗಿಸುವುದು ಕಡಿಮೆ. ಕ್ಯಾಮೆರಾದವರಿಂದ ಫುಟೇಜ್ ಅಸಿಸ್ಟೆಂಟ್ ಎಡಿಟರ್ ಕೈಗೆ ಬರುತ್ತದೆ. ಅವರಿಂದ ಎಡಿಟರ್‌ಗೆ. ಅಲ್ಲಿಂದ ಸೌಂಡ್, ಸಂಗೀತ, ಗ್ರಾಫಿಕ್ಸ್, ದೃಶ್ಯದ ಬಣ್ಣ ಹದ ಮಾಡುವ ಕಲರ್ ಗ್ರೇಡಿಂಗ್, ಸಬ್‌ಟೈಟಲ್. ಮಧ್ಯದಲ್ಲಿ ಒಬ್ಬರು ಎಡವಿದರೂ ಅದರ ಪೆಟ್ಟು ಮುಂದಿನವರೆಲ್ಲರಿಗೂ ಬೀಳುತ್ತದೆ.

ಇದನ್ನು ನಾನು ಕಲಿತದ್ದು ಒಂದು ಅನಿಮೇಶನ್ ಕಿರುಚಿತ್ರದಲ್ಲಿ. ಆಗ ನಾನು ಅಸಿಸ್ಟೆಂಟ್. ಚಿತ್ರ ಇಪ್ಪತ್ತು ನಿಮಿಷದ್ದು. ನಮ್ಮ ಟೈಮ್‌ಲೈನ್, ಅಂದರೆ ಎಡಿಟಿಂಗ್‌ನಲ್ಲಿ ಜೋಡಿಸಿದ ಚಿತ್ರ, ಇದ್ದದ್ದು ಸೆಕೆಂಡಿಗೆ 23.976 ಫ್ರೇಮ್ (ಬಿಡಿ ಚಿತ್ರ) ಲೆಕ್ಕದಲ್ಲಿ. ಸೌಂಡ್ ಮಾಡುವವರಿಗೆ ನೋಡಿಕೊಳ್ಳಲು ಒಂದು ವಿಡಿಯೋ ಕಳಿಸಬೇಕಿತ್ತು. ಅವಸರದಲ್ಲಿ ನಾನು ಅದನ್ನು 24 ಎಂದು ಬದಲಿಸಿ ಕಳಿಸಿದೆ. ಎರಡರ ನಡುವೆ ವ್ಯತ್ಯಾಸ ಸಾವಿರಕ್ಕೆ ಒಂದರಷ್ಟು ಮಾತ್ರ. ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಆದರೆ ಆ ವಿಡಿಯೋ ಅಸಲಿಗಿಂತ ಒಂದು ಕೂದಲೆಳೆಯಷ್ಟು ಬೇಗ ಓಡುತ್ತಿತ್ತು. ಸೌಂಡ್ ಡಿಸೈನರ್ ಅದನ್ನೇ ನಂಬಿ ಹೆಜ್ಜೆ ಸದ್ದು, ಗಾಳಿ, ಮಾತು, ಸಂಗೀತ ಎಲ್ಲವನ್ನೂ ಕೂರಿಸಿದರು.

ಎಲ್ಲ ಸದ್ದು ಸೇರಿಸಿದ ಮಿಕ್ಸ್ ವಾಪಸ್ ಬಂತು. ನಮ್ಮ ಅಸಲಿ ಚಿತ್ರದ ಮೇಲೆ ಹಾಕಿ ನೋಡಿದೆವು. ಮೊದಲ ಎರಡು ನಿಮಿಷ ಎಲ್ಲ ಚೆನ್ನಾಗಿತ್ತು. ಹತ್ತು ನಿಮಿಷದ ಹೊತ್ತಿಗೆ ತುಟಿಗೂ ಮಾತಿಗೂ ಹೊಂದಲಿಲ್ಲ. ಕೊನೆಯ ದೃಶ್ಯದಲ್ಲಿ ಬಾಗಿಲು ಮುಚ್ಚುವುದಕ್ಕೆ ಒಂದು ಸೆಕೆಂಡ್ ಮುಂಚೆಯೇ ಬಾಗಿಲಿನ ಸದ್ದು ಕೇಳಿತು. ಲೆಕ್ಕ ಹಾಕಿದರೆ ಇಪ್ಪತ್ತು ನಿಮಿಷಕ್ಕೆ ಸರಿಯಾಗಿ 1.2 ಸೆಕೆಂಡ್. ಆ ಸೌಂಡ್ ಡಿಸೈನರ್ ಎರಡು ರಾತ್ರಿ ಕೂತು ಎಲ್ಲ ಸರಿ ಮಾಡಿದರು. ನನ್ನನ್ನು ಬೈಯಲಿಲ್ಲ. ‘ಇನ್ನು ಮುಂದೆ ಫೈಲ್ ಜೊತೆ ಒಂದು ಚೀಟಿ ಬರೆದು ಕಳಿಸು’ ಎಂದರು, ಅಷ್ಟೇ. ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್) ಎಷ್ಟು, ಉದ್ದ ಎಷ್ಟು, ಇದು ಎಷ್ಟನೇ ಆವೃತ್ತಿ, ಇನ್ನೂ ಏನು ಬದಲಾಗಬಹುದು. ನಾಲ್ಕು ಸಾಲು. ಅಂದಿನಿಂದ ಇಂದಿನವರೆಗೆ ಆ ಚೀಟಿ ಇಲ್ಲದೆ ನಾನು ಒಂದು ಫೈಲನ್ನೂ ಕಳಿಸಿಲ್ಲ.

ನನಗೆ ಆಮೇಲೆ ಸಿಕ್ಕ ಕೆಲಸಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಚೀಟಿಯಿಂದ ಸಿಕ್ಕವು ಎಂದು ನಾನು ನಂಬುತ್ತೇನೆ. ‘ಅವನ ಹತ್ತಿರದಿಂದ ಬಂದ ಫೈಲ್ ಇದ್ದರೆ ತಲೆಬಿಸಿ ಇಲ್ಲ’ ಎಂದು ಸೌಂಡಿನವರು, ಗ್ರಾಫಿಕ್ಸಿನವರು ಒಬ್ಬರಿಗೊಬ್ಬರು ಹೇಳುತ್ತಾರೆ. ಈ ಕ್ಷೇತ್ರದಲ್ಲಿ ಕೆಲಸ ಹೆಚ್ಚಾಗಿ ಬಾಯಿಂದ ಬಾಯಿಗೆ ಹರಡುವ ಮಾತಿನಿಂದಲೇ ಬರುತ್ತದೆ.

ಬ್ಯಾಕಪ್ ಕೂಡ ಇದೇ ಜಾತಿಗೆ ಸೇರಿದ್ದು. 1998ರಲ್ಲಿ ಪಿಕ್ಸಾರ್ ಸ್ಟುಡಿಯೋದಲ್ಲಿ ‘ಟಾಯ್ ಸ್ಟೋರಿ 2’ ತಯಾರಾಗುತ್ತಿತ್ತು. ಒಂದು ತಪ್ಪು ಕಮಾಂಡ್‌ನಿಂದ ಚಿತ್ರದ ಹೆಚ್ಚಿನ ಫೈಲ್‌ಗಳು ಅಳಿಸಿಹೋದವು. ಸ್ಟುಡಿಯೋದ ಬ್ಯಾಕಪ್ ನೋಡಿದರೆ ಅದೂ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ತಾಂತ್ರಿಕ ಮೇಲ್ವಿಚಾರಕಿ ಗ್ಯಾಲಿನ್ ಸಸ್‌ಮನ್ ಆಗ ಹಸುಗೂಸಿನ ತಾಯಿ. ಮನೆಯಿಂದ ಕೆಲಸ ಮಾಡಲು ಚಿತ್ರದ ಒಂದು ಪ್ರತಿ ಇಟ್ಟುಕೊಂಡಿದ್ದರು. ಆ ಒಂದು ಕಂಪ್ಯೂಟರಿನಿಂದ ಬಹುತೇಕ ಎಲ್ಲ ವಾಪಸ್ ಸಿಕ್ಕಿತು. ಅಷ್ಟು ದೊಡ್ಡ ಸ್ಟುಡಿಯೋ ಕೂಡ ಒಂದು ಮನೆಯ ಪ್ರತಿಯಿಂದ ಉಳಿಯಿತು. ಮೂರು ಪ್ರತಿ, ಎರಡು ಬೇರೆ ಬೇರೆ ರೀತಿಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಕೆಲಸದವರು ಇದನ್ನು 3-2-1 ಎನ್ನುತ್ತಾರೆ. ಬ್ಯಾಕಪ್ ಮಾಡಿದರೆ ಸಾಲದು, ತಿಂಗಳಿಗೊಮ್ಮೆ ಅದನ್ನು ತೆರೆದು ಫೈಲ್ ಓಡುತ್ತದಾ ನೋಡಿ.

ಸರಿ, ಯಾವ ಕೆಲಸ? ಹೊರಗಿನಿಂದ ನೋಡುವವರಿಗೆ ನಿರ್ದೇಶಕ, ಕ್ಯಾಮೆರಾ, ಎಡಿಟರ್, ನಟ, ಇಷ್ಟೇ ಹೆಸರು ಗೊತ್ತಿರುತ್ತವೆ. ನನ್ನ ಸಲಹೆ ಸರಳ. ಮುಂದಿನ ಸಲ ಒಂದು ಸಿನಿಮಾ ಮುಗಿದಾಗ ಎದ್ದು ಹೋಗಬೇಡಿ. ಕೊನೆಯಲ್ಲಿ ಮೇಲೆ ಹೋಗುವ ಹೆಸರುಗಳನ್ನು ಓದಿ. ಗೊತ್ತಿಲ್ಲದ ಹುದ್ದೆ ಕಂಡರೆ ಬರೆದುಕೊಳ್ಳಿ, ಅದೇನು ಅಂತ ಹುಡುಕಿ. ಐದಾರು ಸಿನಿಮಾ ಹೀಗೆ ನೋಡಿದರೆ ನಿಮ್ಮ ಹತ್ತಿರ ಬಹಳ ಕೋರ್ಸುಗಳ ಪುಸ್ತಕದಲ್ಲಿ ಇಲ್ಲದ ಪಟ್ಟಿ ಇರುತ್ತದೆ.

ಉದಾಹರಣೆಗೆ ಫೋಲಿ. ತೆರೆಯ ಮೇಲೆ ಒಬ್ಬಳು ನಡೆಯುತ್ತಾಳೆ, ಬಟ್ಟೆ ಸರಿಸುತ್ತಾಳೆ, ಲೋಟ ಇಡುತ್ತಾಳೆ. ಆ ಸದ್ದುಗಳು ಶೂಟಿಂಗ್‌ನಲ್ಲಿ ಸರಿಯಾಗಿ ಸಿಕ್ಕಿರುವುದಿಲ್ಲ. ಸ್ಟುಡಿಯೋದಲ್ಲಿ ಒಬ್ಬರು ಚಿತ್ರ ನೋಡುತ್ತಾ ಅವಳ ಹೆಜ್ಜೆಗೆ ಹೆಜ್ಜೆ ಹಾಕಿ ಆ ಸದ್ದನ್ನು ಮತ್ತೆ ಹುಟ್ಟಿಸುತ್ತಾರೆ. ಮಾತಿನ ಸಿನಿಮಾ ಶುರುವಾದ ಕಾಲದಲ್ಲಿ ಯೂನಿವರ್ಸಲ್ ಸ್ಟುಡಿಯೋದಲ್ಲಿ ಈ ಕೆಲಸ ಬೆಳೆಸಿದ ಜ್ಯಾಕ್ ಫೋಲಿ ಅವರ ಹೆಸರೇ ಇದಕ್ಕೆ ಉಳಿದಿದೆ. ಮೈಯಲ್ಲಿ ತಾಳ ಇರುವವರಿಗೆ, ಕುಣಿತ ಕಲಿತವರಿಗೆ ಇದು ತುಂಬ ಹೊಂದುತ್ತದೆ. ಆದರೆ ‘ನಾನು ಡ್ಯಾನ್ಸ್ ಕಲಿತಿದ್ದೇನೆ, ಸೌಂಡ್ ವಿಭಾಗದಲ್ಲಿ ಕೆಲಸ ಇದೆಯಾ’ ಎಂದು ಇದುವರೆಗೆ ಯಾರೂ ನನ್ನನ್ನು ಕೇಳಿಲ್ಲ.

ಸಬ್‌ಟೈಟಲ್ ಮಾಡುವುದನ್ನೂ ಜನ ಸುಮ್ನೆ ಟೈಪಿಂಗ್ ಅಂದುಕೊಳ್ಳುತ್ತಾರೆ. ಒಂದು ಸಲಕ್ಕೆ ಎರಡೇ ಸಾಲು. ಓದುವಷ್ಟು ಹೊತ್ತು ತೆರೆಯ ಮೇಲೆ ಇರಬೇಕು, ಕಟ್ ಆದ ಮೇಲೆ ಉಳಿಯಬಾರದು. ಪಾತ್ರ ಬೇಗ ಬೇಗ ಮಾತಾಡಿದರೆ ಅರ್ಥ ಉಳಿಸಿ ಮಾತು ಇಳಿಸಬೇಕು. ಜೋಕಿನ ಕೊನೆಯ ಪದ ನಟ ಹೇಳುವ ಮೊದಲೇ ಓದಿಬಿಟ್ಟರೆ ಜೋಕೇ ಹೋಯಿತು. ಭಾಷೆ ಮೇಲೆ ಪ್ರೀತಿ ಇರುವವರಿಗೆ ಇದು ಒಳ್ಳೆಯ ಬಾಗಿಲು. ಪ್ರೊಡಕ್ಷನ್ ಮ್ಯಾನೇಜರ್, ಒಂದು ಶಾಟ್‌ನಿಂದ ಇನ್ನೊಂದಕ್ಕೆ ಬಟ್ಟೆ, ವಸ್ತು ಬದಲಾಗದಂತೆ ಕಂಟಿನ್ಯುಟಿ ನೋಡುವವರು, ಗೇಮ್ ಟೆಸ್ಟರ್, ಕಲರಿಸ್ಟ್, ಆರ್ಕೈವ್‌ನಿಂದ ಹಳೆಯ ದೃಶ್ಯ ಹುಡುಕಿ ಕೊಡುವವರು, ಇವೆಲ್ಲ ಪೂರ್ತಿ ಜೀವನ ಕೊಡಬಲ್ಲ ಕೆಲಸಗಳೇ. ಲೆಕ್ಕಪತ್ರ, ವೇಳಾಪಟ್ಟಿ ಇಷ್ಟಪಡುವವರೂ ಈ ಕ್ಷೇತ್ರಕ್ಕೆ ಬೇಕು. ‘ನಾನು ಕ್ರಿಯೇಟಿವ್ ಅಲ್ಲ’ ಎಂದು ದೂರ ನಿಂತವರಿಗೆ ಇದನ್ನು ನಾನು ಒತ್ತಿ ಹೇಳುತ್ತೇನೆ.

ನಿಮಗೆ ಯಾವುದು ಹೊಂದುತ್ತದೆ ಅಂತ ಯೋಚಿಸಿ ಗೊತ್ತಾಗುವುದಿಲ್ಲ, ಮಾಡಿಯೇ ಗೊತ್ತಾಗಬೇಕು. ಎರಡು ನಿಮಿಷದ ಒಂದು ಚಿತ್ರ ಮಾಡಿ. ಫೋನ್ ಸಾಕು. ಬರೆಯುವುದು, ಶೂಟ್ ಮಾಡುವುದು, ಕತ್ತರಿಸುವುದು, ಸದ್ದು ಹಾಕುವುದು, ಸಬ್‌ಟೈಟಲ್ ಎಲ್ಲ ನೀವೇ ಮಾಡಿ. ಒಂದೇ ಷರತ್ತು, ಮುಗಿಸಬೇಕು. ಯಾವ ಹಂತದಲ್ಲಿ ಊಟ ಮರೆತಿರಿ, ಯಾವ ಹಂತವನ್ನು ನಾಳೆ ನೋಡೋಣ ಅಂತ ಮುಂದಕ್ಕೆ ಹಾಕಿದಿರಿ, ಗಮನಿಸಿ. ನಾನು ಕ್ಯಾಮೆರಾಮನ್ ಆಗಬೇಕು ಅಂತ ಬಂದವನು. ಮೊದಲ ಚಿತ್ರ ಶೂಟ್ ಮಾಡುವಾಗ ಯಾವಾಗ ಮುಗಿಯುತ್ತದೋ ಅನ್ನಿಸುತ್ತಿತ್ತು. ಎಡಿಟ್ ಮಾಡಲು ಕೂತಾಗ ಬೆಳಗಾದದ್ದು ಗೊತ್ತಾಗಲಿಲ್ಲ.

ಎಡಿಟಿಂಗ್ ಕಡೆ ಮನಸ್ಸಿದ್ದರೆ ಇನ್ನೊಂದು ಪ್ರಯೋಗ ಮಾಡಿ. ಸುಮಾರು ನೂರು ವರ್ಷದ ಹಿಂದೆ ರಷ್ಯಾದ ಲೆವ್ ಕುಲೆಶೋವ್ ಒಬ್ಬ ನಟನ ಒಂದೇ ಮುಖಭಾವದ ಶಾಟನ್ನು ಬೇರೆ ಬೇರೆ ಶಾಟ್‌ಗಳ ಪಕ್ಕ ಇಟ್ಟು ತೋರಿಸಿದರು. ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆ. ನೋಡಿದವರಿಗೆ ಅದೇ ಮುಖದಲ್ಲಿ ಒಮ್ಮೆ ಹಸಿವು ಕಂಡಿತು, ಒಮ್ಮೆ ದುಃಖ ಕಂಡಿತು. ನಿಮ್ಮ ಗೆಳೆಯರ ಮುಖ ಹತ್ತು ಸೆಕೆಂಡ್ ತೆಗೆದು ಇದನ್ನೇ ಮಾಡಿ, ಬೇರೆಯವರಿಗೆ ತೋರಿಸಿ. ಎಡಿಟರ್ ಏನು ಮಾಡುತ್ತಾನೆ ಅನ್ನುವುದು ಅರ್ಧ ದಿನದಲ್ಲಿ ಅರ್ಥವಾಗುತ್ತದೆ.

ಶೋರೀಲ್, ಅಂದರೆ ಕೆಲಸ ಕೇಳುವಾಗ ತೋರಿಸುವ ನಿಮ್ಮ ಕೆಲಸಗಳ ತುಣುಕು ವಿಡಿಯೋ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಚಿಕ್ಕದಾಗಿರಲಿ. ಒಳ್ಳೆಯದು ಮೊದಲು ಬರಲಿ. ಅದರಲ್ಲಿ ನೀವು ಮಾಡಿದ್ದು ಯಾವುದು, ಬೇರೆಯವರು ಮಾಡಿದ್ದು ಯಾವುದು ಅಂತ ಬರೆದಿರಲಿ. ಬೇರೆಯವರ ಕೆಲಸವನ್ನು ತನ್ನದೆಂದು ಹಾಕಿಕೊಂಡವರು ಒಂದಲ್ಲ ಒಂದು ದಿನ ಸಿಕ್ಕಿಬೀಳುತ್ತಾರೆ. ಆಮೇಲೆ ಅವರನ್ನು ಯಾರೂ ಕರೆಯುವುದಿಲ್ಲ.

ಇದಕ್ಕಿಂತ ಕಷ್ಟದ ವಿದ್ಯೆ ಇನ್ನೊಂದಿದೆ. ಬೇರೆಯವರು ನಿಮ್ಮ ಕೆಲಸದ ಬಗ್ಗೆ ಹೇಳುವುದನ್ನು ಕೇಳಿಸಿಕೊಳ್ಳುವುದು. ‘ಏನೋ ಕಡಿಮೆ ಆದಂಗಿದೆ’ ಎನ್ನುತ್ತಾರೆ. ‘ಇನ್ನೂ ಜೀವ ಬರಬೇಕು’ ಎನ್ನುತ್ತಾರೆ. ಕೇಳಿದಾಗ ಸಿಟ್ಟು ಬರುವುದು ಸಹಜ. ಜೀವ ಅಂದರೆ ಎಷ್ಟು ಫ್ರೇಮ್ ಅಂತ ಕೇಳೋಣ ಅನ್ನಿಸುತ್ತದೆ. ಒಮ್ಮೆ ಒಂದು ಜಾಹೀರಾತಿನ ಕೆಲಸದಲ್ಲಿ ಅದನ್ನು ಮಾಡಿಸಿದವರು ಸಂಗೀತ ಬದಲಿಸಿ ಎಂದರು. ಮೂರು ಸಲ ಬದಲಿಸಿದೆ. ಮೂರು ಸಲವೂ ಬೇಡ ಎಂದರು. ಕೊನೆಗೆ ಜೊತೆಯಲ್ಲಿ ಕೂತು, ‘ನಿಮಗೆ ಎಲ್ಲಿ ಬೇಜಾರು ಶುರುವಾಯ್ತು, ಅಲ್ಲಿ ಕೈ ಎತ್ತಿ’ ಎಂದೆ. ಅವರು ಕೈ ಎತ್ತಿದ್ದು ಸಂಗೀತ ಶುರುವಾಗುವ ಮೊದಲೇ. ಅದಕ್ಕೂ ಹಿಂದಿನ ಶಾಟ್ ಒಂದೂವರೆ ಸೆಕೆಂಡ್ ಜಾಸ್ತಿ ಇತ್ತು. ಅದನ್ನು ಕತ್ತರಿಸಿ ಮೊದಲ ಸಂಗೀತವನ್ನೇ ವಾಪಸ್ ಹಾಕಿದೆ. ಒಪ್ಪಿಗೆಯಾಯಿತು. ಅವರಿಗೆ ನೋವು ಎಲ್ಲಿದೆ ಅಂತ ಗೊತ್ತಿತ್ತು. ಔಷಧ ಹುಡುಕುವುದು ನನ್ನ ಕೆಲಸವಾಗಿತ್ತು. ನಾನೇ ಮೊದಲು ಕೇಳಬೇಕಿತ್ತು.

ದುಡ್ಡಿನ ಮಾತನ್ನೂ ಬಿಡುವಂತಿಲ್ಲ. ಕೆಲಸ ಶುರುವಾಗುವ ಮೊದಲು ಬರವಣಿಗೆಯಲ್ಲಿ ಇರಬೇಕು: ಏನು ಕೊಡಬೇಕು, ಯಾವಾಗ, ಎಷ್ಟು ಸಲ ತಿದ್ದುಪಡಿ, ಹಣ ಯಾವ ಯಾವ ಹಂತದಲ್ಲಿ, ನಿಮ್ಮ ಹೆಸರು ಎಲ್ಲಿ ಬರುತ್ತದೆ, ಕೆಲಸದ ಹಕ್ಕು ಯಾರದು. ಒಂದು ಮೇಲ್ ಸಾಕು, ದೊಡ್ಡ ಕರಾರುಪತ್ರವೇ ಬೇಕೆಂದಿಲ್ಲ. ಹೀಗೆ ಕೇಳಿದರೆ ಕೆಲಸ ಕೈ ತಪ್ಪುತ್ತದೆ ಅಂತ ಹೊಸಬರು ಹೆದರುತ್ತಾರೆ. ಇಷ್ಟನ್ನೂ ಬರೆದುಕೊಡಲು ಒಪ್ಪದವರ ಕೆಲಸ ಕೈ ತಪ್ಪಿದರೆ ಒಳ್ಳೆಯದೇ. ‘ದುಡ್ಡಿಲ್ಲ, ಹೆಸರು ಬರುತ್ತದೆ’ ಎಂಬ ಕೆಲಸವನ್ನು ಗೆಳೆಯರಿಗೆ ಮಾಡಿ, ಕಲಿಯಲು ಮಾಡಿ. ಅದರಿಂದ ಲಾಭ ಮಾಡುವವರಿಗೆ ಮಾಡಬೇಡಿ.

ಈಗೀಗ ಪ್ರಶ್ನೆಗೆ ಬಾಲ ಒಂದು ಸೇರಿದೆ: ‘ಎಐ ಬಂದ ಮೇಲೆ ಈ ಕೆಲಸಗಳು ಇರುತ್ತವಾ?’ ಕೆಲವು ಕೆಲಸ ಆಗಲೇ ಯಂತ್ರಕ್ಕೆ ಹೋಗಿದೆ. ಸಂದರ್ಶನದ ಮಾತನ್ನು ಅಕ್ಷರಕ್ಕೆ ಇಳಿಸುವುದು, ಹಿನ್ನೆಲೆಯ ಗದ್ದಲ ತೆಗೆಯುವುದು. ನನಗೆ ಚಿಂತೆ ಇರುವುದು ಇಲ್ಲೇ. ಈ ಸಣ್ಣ ಕೆಲಸಗಳನ್ನು ಮಾಡುತ್ತಲೇ ನಾವೆಲ್ಲ ಕಲಿತೆವು. ಸಂದರ್ಶನ ಬರೆದುಕೊಳ್ಳುವಾಗ ಮನುಷ್ಯ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ, ಎಲ್ಲಿ ತಡವರಿಸುತ್ತಾನೆ ಅಂತ ನನ್ನ ಕಿವಿಗೆ ಗೊತ್ತಾಯಿತು. ಹೊಸಬರಿಗೆ ಆ ಮೆಟ್ಟಿಲು ಇಲ್ಲವಾದರೆ ಅವರು ಹತ್ತುವುದು ಹೇಗೆ? ಇದಕ್ಕೆ ಉತ್ತರವನ್ನು ನಮ್ಮಂಥ ಹಳಬರು ಹುಡುಕಬೇಕು, ಹೊಸಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ಅಮೆರಿಕದ ಚಿತ್ರಕಥೆ ಬರಹಗಾರರು 2023ರಲ್ಲಿ 148 ದಿನ ಮುಷ್ಕರ ಮಾಡಿದರು. ಎಐ ಬಳಸಲೇಬೇಕೆಂದು ಕಂಪನಿ ಬರಹಗಾರರನ್ನು ಒತ್ತಾಯಿಸುವಂತಿಲ್ಲ ಎಂಬ ಮಾತು ಅವರ ಒಪ್ಪಂದದಲ್ಲಿ ಸೇರಿತು. ಯಂತ್ರವನ್ನು ಹೇಗೆ ಬಳಸಬೇಕು ಅನ್ನುವುದರಲ್ಲಿ ಕೆಲಸ ಮಾಡುವವರ ಮಾತಿಗೂ ಬೆಲೆ ಇದೆ ಅಲ್ವಾ?

ಈಗ ಸಾಫ್ಟ್‌ವೇರ್. ವಾಲ್ಟರ್ ಮರ್ಚ್ ಎಂಬ ಎಡಿಟರ್ ಇದ್ದಾರೆ. ನಿಂತುಕೊಂಡೇ ಎಡಿಟ್ ಮಾಡುತ್ತಾರೆ. ಫಿಲ್ಮನ್ನು ಕತ್ತರಿಸಿ ಅಂಟಿಸುವ ಕಾಲದಲ್ಲಿ ಶುರು ಮಾಡಿದವರು. 1996ರ ‘ದಿ ಇಂಗ್ಲಿಷ್ ಪೇಶೆಂಟ್’ ಚಿತ್ರವನ್ನು ಅರ್ಧದಲ್ಲಿ ಫಿಲ್ಮ್ ಬಿಟ್ಟು ಎವಿಡ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿಗೆ ಬಂದು ಮುಗಿಸಿದರು. ಅದಕ್ಕೆ ಎಡಿಟಿಂಗ್ ಮತ್ತು ಸೌಂಡ್ ಎರಡರಲ್ಲೂ ಆಸ್ಕರ್ ಬಂತು. 2003ರಲ್ಲಿ ಫೈನಲ್ ಕಟ್ ಪ್ರೊ ಬಳಸಿದರು, ಆಮೇಲೆ ಪ್ರೀಮಿಯರ್. ಉಪಕರಣ ಬದಲಾಗುತ್ತಾ ಹೋಯಿತು, ಕಟ್ ಎಲ್ಲಿ ಹಾಕಬೇಕೆಂಬ ಅವರ ತಿಳಿವಳಿಕೆ ಜೊತೆಗೇ ಬಂತು. ಹಾಗಾಗಿ ಒಂದನ್ನು ಚೆನ್ನಾಗಿ ಕಲಿಯಿರಿ. ಎರಡನೆಯದು ಕೆಲವು ವಾರಗಳಲ್ಲಿ ಕೈಗೆ ಹತ್ತುತ್ತದೆ.

ದುಡ್ಡು ಕೊಡದೆ ಶುರು ಮಾಡಬಹುದು. ಎಡಿಟಿಂಗ್ ಮತ್ತು ಕಲರ್‌ಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ. ಧ್ವನಿಗೆ ಆಡಾಸಿಟಿ. ಚಿತ್ರ ಬಿಡಿಸಲು ಕ್ರಿಟಾ. ಅನಿಮೇಶನ್‌ಗೆ ಬ್ಲೆಂಡರ್. 2025ರಲ್ಲಿ ಅತ್ಯುತ್ತಮ ಅನಿಮೇಶನ್ ಚಿತ್ರಕ್ಕೆ ಆಸ್ಕರ್ ಗೆದ್ದ ‘ಫ್ಲೋ’ ತಯಾರಾಗಿದ್ದು ಇದೇ ಬ್ಲೆಂಡರಿನಲ್ಲಿ, ಲಾಟ್ವಿಯಾದ ಗಿಂಟ್ಸ್ ಜಿಲ್‌ಬಾಲೊಡಿಸ್ ಅವರ ನಿರ್ದೇಶನದಲ್ಲಿ.

ಇವತ್ತೇ ಇಳಿಸಿಕೊಳ್ಳಿ. ಅದು ಇನ್‌ಸ್ಟಾಲ್ ಆಗುವಷ್ಟರಲ್ಲಿ ಐದು ಫೋಲ್ಡರ್ ಮಾಡಿ: ಫುಟೇಜ್, ಸೌಂಡ್, ಸಂಗೀತ, ಪ್ರಾಜೆಕ್ಟ್, ಎಕ್ಸ್‌ಪೋರ್ಟ್. ಆರನೆಯದಾಗಿ ಒಂದು ಚೀಟಿ. ಅದರ ಮೊದಲ ಸಾಲಿನಲ್ಲಿ ಫ್ರೇಮ್ ರೇಟ್ ಬರೆಯಿರಿ.