ಕಡ್ಡಿ ಚೆನ್ನಾಗಿತ್ತು, ಗೀರುವ ಪಟ್ಟಿ ನೆಂದಿತ್ತು

ಕಲಬುರಗಿಯ ಒಂದು ಸಣ್ಣ ಸೇವಾ ಸಂಸ್ಥೆಯಲ್ಲಿ ಸ್ಟೋರ್ ನೋಡಿಕೊಳ್ಳುವುದು ನನ್ನ ಕೆಲಸ. ಮಳೆಗಾಲಕ್ಕೆ ಮುಂಚೆ ಭೀಮಾ ದಂಡೆಯ ಊರುಗಳಿಗಾಗಿ ತುರ್ತು ಕಿಟ್ ಕಟ್ಟಿಡುತ್ತೇವೆ. ಅಕ್ಕಿ, ತೊಗರಿಬೇಳೆ, ಎಣ್ಣೆ, ಟಾರ್ಪಲ್, ಮೇಣದಬತ್ತಿ, ಕಡೆಗೊಂದು ಕಡ್ಡಿಪೆಟ್ಟಿಗೆ. ಆಗ ಅದಕ್ಕೆ ಒಂದೇ ರೂಪಾಯಿ. ಅದರ ಬಗ್ಗೆ ನಾನು ಯೋಚನೆಯನ್ನೇ ಮಾಡಿರಲಿಲ್ಲ.

2020ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಕಡೆ ಮಳೆ ಜೋರಾಯಿತು. ಉಜನಿ ಜಲಾಶಯದಿಂದ ನೀರು ಬಿಟ್ಟರು. ಭೀಮಾ ತುಂಬಿ ಅಫಜಲಪುರ, ಜೇವರ್ಗಿ ಕಡೆಯ ಊರುಗಳಿಗೆ ನುಗ್ಗಿತು. ಊರ ಹೊರಗೆ ಎತ್ತರದ ಹೊಲದಲ್ಲಿ ಟಾರ್ಪಲ್ ಕಟ್ಟಿಕೊಂಡು ಕೂತಿದ್ದವರಿಗೆ ನಾವು ಟ್ರ್ಯಾಕ್ಟರ್‌ನಲ್ಲಿ ಕಿಟ್ ಒಯ್ದು ಕೊಟ್ಟೆವು. ಮರುದಿನ ಹೋದಾಗ ಒಬ್ಬ ಅಜ್ಜಿ ನನ್ನ ಕೈಗೆ ಪೆಟ್ಟಿಗೆ ಇಟ್ಟರು. "ಯಪ್ಪಾ, ಕಡ್ಡಿ ಹತ್ತವಲ್ದು ನೋಡು. ಅಕ್ಕಿ ಅದ, ಬ್ಯಾಳಿ ಅದ, ಬೆಂಕೀನೇ ಇಲ್ಲ." ಪೆಟ್ಟಿಗೆ ಹಿಸುಕಿದರೆ ನೀರು ಬರುತ್ತಿತ್ತು. ಅಕ್ಕಪಕ್ಕದವರ ಕಿಟ್‌ಗಳಲ್ಲೂ ಅದೇ ಕಥೆ. ಅವತ್ತು ನನಗೆ ಮುಖ ಎತ್ತಿ ಮಾತಾಡಲು ಆಗಲಿಲ್ಲ.

ಮುಂದಿನ ವರ್ಷ ಟ್ರೆಕ್ಕಿಂಗ್ ಮಾಡುವವರು ಒಯ್ಯುವ ವಾಟರ್‌ಪ್ರೂಫ್ ಬೆಂಕಿಕಡ್ಡಿ ತರಿಸಿದೆ. ಕಡ್ಡಿಗಳನ್ನು ರಾತ್ರಿಯಿಡೀ ಬಕೆಟ್ ನೀರಿನಲ್ಲಿ ಹಾಕಿಟ್ಟೆ. ಬೆಳಿಗ್ಗೆ ತೆಗೆದು ಗೀರಿದರೆ ಎಲ್ಲವೂ ಹತ್ತಿದವು. ನನಗೆ ಭಾರಿ ಖುಷಿ. ಆದರೆ ನಾನು ಗೀರಿದ್ದು ಆಫೀಸಿನ ಒಣ ಪೆಟ್ಟಿಗೆಯ ಮೇಲೆ. ಮೇ ತಿಂಗಳಲ್ಲಿ ಒಂದು ಊರಿನಲ್ಲಿ ಕಿಟ್ ಬಳಸುವುದನ್ನು ತೋರಿಸುವಾಗ ಇಡೀ ಪೆಟ್ಟಿಗೆಯನ್ನೇ ನೀರಿಗೆ ಹಾಕಿ ತೆಗೆದೆವು. ಕಡ್ಡಿ ಚೆನ್ನಾಗಿತ್ತು. ಗೀರಿದ ತಕ್ಷಣ ಪಟ್ಟಿಯೇ ಕೆಸರಿನ ಹಾಗೆ ಕಿತ್ತು ಬಂತು.

ಸೇಫ್ಟಿ ಬೆಂಕಿಕಡ್ಡಿಯಲ್ಲಿ ಬೆಂಕಿಯ ಅರ್ಧ ಕಡ್ಡಿಯಲ್ಲಿದೆ, ಇನ್ನರ್ಧ ಪೆಟ್ಟಿಗೆಯ ಪಕ್ಕದಲ್ಲಿದೆ. ಕಡ್ಡಿಯ ತಲೆಯಲ್ಲಿ ಪೊಟ್ಯಾಸಿಯಂ ಕ್ಲೋರೇಟ್, ಗಂಧಕ, ಅಂಟು. ಗೀರುವ ಪಟ್ಟಿಯಲ್ಲಿ ಕೆಂಪು ರಂಜಕ ಮತ್ತು ಗಾಜಿನ ಪುಡಿ. ಉಜ್ಜಿದ ಬಿಸಿಗೆ ಒಂದಿಷ್ಟು ರಂಜಕ ಹೊತ್ತಿಕೊಳ್ಳುತ್ತದೆ, ಅದು ತಲೆಗೆ ಹಿಡಿಯುತ್ತದೆ. ವಾಟರ್‌ಪ್ರೂಫ್ ಕಡ್ಡಿಯಲ್ಲಿ ಮೇಣವನ್ನೋ ಮೆರುಗೆಣ್ಣೆಯನ್ನೋ ಬಳಿದಿದ್ದು ತಲೆಗೆ ಮಾತ್ರ. ಪಟ್ಟಿಯ ಮೇಲೆ ಬಳಿದರೆ ಅದು ಗೀರುವ ಪಟ್ಟಿಯಾಗಿ ಉಳಿಯುವುದೇ ಇಲ್ಲ ಅಲ್ವಾ? ಅದನ್ನು ನೆನೆಯದ ಹಾಗೆ ಇಡುವುದು ಬಿಟ್ಟರೆ ಬೇರೆ ದಾರಿಯಿಲ್ಲ.

ಖರ್ಚು ಉಳಿಸಲು ಒಮ್ಮೆ ಸಾದಾ ಕಡ್ಡಿಗಳನ್ನೇ ಮೇಣದಲ್ಲಿ ಅದ್ದಿ ನೋಡಿದೆವು. ನಮ್ಮ ಸ್ಟೋರ್‌ಗೆ ತಗಡಿನ ಛಾವಣಿ. ಕಲಬುರಗಿಯ ಬೇಸಿಗೆ ಗೊತ್ತಲ್ಲ, ಹೊರಗೇ 42, 43 ಡಿಗ್ರಿ. ಮೇಣ ಮೆತ್ತಗಾಗಿ ಕಡ್ಡಿಗಳೆಲ್ಲ ಒಂದಕ್ಕೊಂದು ಅಂಟಿಕೊಂಡವು. ಸಾಲದ್ದಕ್ಕೆ ಮೇಣ ಪಟ್ಟಿಗೆ ಮೆತ್ತಿ ಜಾರತೊಡಗಿತು. ನಾಲ್ಕೈದು ಕಡ್ಡಿ ಗೀರುವಷ್ಟರಲ್ಲಿ ಪಟ್ಟಿ ಕೆಟ್ಟಿತು. ಮೇಣದ ಕಡ್ಡಿ ಬಳಸುವವರು ತಲೆಯ ಮೇಲಿನ ಮೇಣವನ್ನು ಉಗುರಿನಿಂದ ಕೆರೆದು ಗೀರಬೇಕು. ಆಮೇಲೆ ಉಗುರು ಬಣ್ಣದಲ್ಲಿ ಅದ್ದಿದೆವು. ಅದು ಬಿಸಿಲಿಗೆ ಕರಗುವುದಿಲ್ಲ. ಆದರೆ ಹಸಿ ಬಣ್ಣಕ್ಕೆ ಬೇಗ ಬೆಂಕಿ ಹತ್ತುತ್ತದೆ. ಒಲೆ, ದೀಪದಿಂದ ದೂರ, ಗಾಳಿಯಾಡುವ ಕಡೆ ಒಣಗಿಸಬೇಕು.

ಗಾಳಿಗೂ ಆರದ ಸ್ಟಾರ್ಮ್ ಕಡ್ಡಿಗಳೂ ಸಿಗುತ್ತವೆ. ಮದ್ದು ಕಡ್ಡಿಯ ಅರ್ಧದವರೆಗೂ ದಪ್ಪಗೆ ಮೆತ್ತಿರುತ್ತದೆ, ಹತ್ತು ಹದಿನೈದು ಸೆಕೆಂಡ್ ಉರಿಯುತ್ತದೆ. ಬಯಲಲ್ಲಿ ಕ್ಯಾಂಪ್ ಹಾಕುವವರಿಗೆ ಅದು ಬಹಳ ಒಳ್ಳೆಯದು. ನಮ್ಮ ಕಿಟ್‌ಗೆ ನಾನು ಹಾಕಲಿಲ್ಲ. ಊದಿದರೆ ಆರುವುದಿಲ್ಲ, ಟಾರ್ಪಲ್ ಕೆಳಗೆ ಮಕ್ಕಳು ಜಾಸ್ತಿ ಇರುತ್ತಾರೆ.

ಈಗ ನಾವು ತಿರುಪಿನ ಮುಚ್ಚಳದ ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಪ್ಪತ್ತು ಕಡ್ಡಿ ಹಾಕುತ್ತೇವೆ. ಪೆಟ್ಟಿಗೆಯ ಪಟ್ಟಿಯನ್ನು ಕತ್ತರಿಸಿ, ಬೇರೆ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಅದೇ ಡಬ್ಬಿಗೆ ಇಡುತ್ತೇವೆ. ಸುಮ್ನೆ ಒಟ್ಟಿಗೆ ಹಾಕಿದರೆ ಒಳಗೇ ಉಜ್ಜಿಕೊಂಡು ಹತ್ತುವ ಅಪಾಯವಿದೆ. ಎರಡು ಪಟ್ಟಿ ಇಡುತ್ತೇವೆ, ಒಂದು ನೆಂದರೆ ಇನ್ನೊಂದು ಇರಲಿ ಅಂತ. ಕಟ್ಟಿದ ಪ್ರತಿ ಹತ್ತು ಡಬ್ಬಿಗೆ ಒಂದನ್ನು ರಾತ್ರಿ ಬಕೆಟ್‌ಗೆ ಹಾಕಿ, ಬೆಳಿಗ್ಗೆ ಅದರೊಳಗಿನ ಸಾಮಾನಿನಿಂದಲೇ ಒಲೆ ಹಚ್ಚುತ್ತೇವೆ. ಆಫೀಸಿನ ಪೆಟ್ಟಿಗೆ ಮುಟ್ಟುವ ಹಾಗಿಲ್ಲ.

ಕಳೆದ ಸಲ ಡಬ್ಬಿ ತೆರೆಯಲು ವಯಸ್ಸಾದ ಒಬ್ಬರಿಗೆ ಕೊಟ್ಟೆವು. ಕೈ ಒದ್ದೆಯಿತ್ತು, ಮುಚ್ಚಳ ನುಣುಪಾಗಿತ್ತು, ಎಷ್ಟು ತಿರುಗಿಸಿದರೂ ಬರಲಿಲ್ಲ. ಈ ವರ್ಷ ಮುಚ್ಚಳದ ಅಂಚಿನಲ್ಲಿ ಕೈಗೆ ಹಿಡಿತ ಸಿಗುವ ಗೆರೆಗಳಿರುವ, ಸ್ವಲ್ಪ ಅಗಲ ಬಾಯಿಯ ಡಬ್ಬಿ ಹುಡುಕುತ್ತಿದ್ದೇನೆ.