ಶೂ ಡಬ್ಬಿಯೊಳಗಿನ 18 ಮತ್ತು 21

ಶಿಕಾಗೋದಲ್ಲಿ ನಮ್ಮ ಆಫೀಸಿನ ಕೆಳಗಡೆ, ಸೆಕ್ಯುರಿಟಿ ಡೆಸ್ಕ್‌ನಲ್ಲಿ ಸಂಜೆ ಪಾಳಿಗೆ ಕಪ್ಪು ಜನಾಂಗದ ಒಬ್ಬರು ಹಿರಿಯರು ಕೂರುತ್ತಾರೆ. ಹಿಂದೆ ಸಿಟಿ ಬಸ್ ಓಡಿಸುತ್ತಿದ್ದವರು. ನನ್ನ ಹೆಸರು ಅವರ ನಾಲಿಗೆಗೆ ಹೊರಳಲೇ ಇಲ್ಲ. ಎರಡು ದಿನ ಕಷ್ಟಪಟ್ಟು, ಆಮೇಲೆ ಕೈಬಿಟ್ಟು, 'ಮಿಸ್ ಕಂಪ್ಯೂಟರ್' ಅಂತ ಇಟ್ಟರು. ನಾನು ಅವರನ್ನು 'ಸರ್' ಅಂತೀನಿ. ಮೊದಲ ಸಲ ಹಾಗೆ ಕರೆದಾಗ ತಮ್ಮ ಹಿಂದೆ ಯಾರಾದರೂ ನಿಂತಿದ್ದಾರಾ ಅಂತ ತಿರುಗಿ ನೋಡಿದ್ದರು.

ನಮ್ಮಿಬ್ಬರ ಪರಿಚಯ ಬೆಳೆದದ್ದು ಅವರ ಎಡಗೈಯಿಂದ. ಒಂದು ಸಂಜೆ ಅಂಗಿಯ ತೋಳು ಮಡಚಿದ್ದರು. ಮೊಣಕೈ ಹತ್ತಿರ ಹಗ್ಗದ ಹಾಗೆ ಉಬ್ಬಿದ ನರ. ನಮ್ಮಪ್ಪನ ಕೈಯಲ್ಲೂ ಅದೇ ಜಾಗದಲ್ಲಿ ಅದೇ ಉಬ್ಬು. ಬಾಯಿ ತಡೆಯಲಿಲ್ಲ, "ವಾರಕ್ಕೆ ಎಷ್ಟು ಸಲ ಡಯಾಲಿಸಿಸ್ ಸರ್?" ಅಂದುಬಿಟ್ಟೆ. "ಮೂರು. ಸೋಮವಾರ, ಬುಧವಾರ, ಶುಕ್ರವಾರ. ಬೆಳಗಿನ ಜಾವ ಐದಕ್ಕೆ" ಅಂದರು. ಅಪ್ಪ ಹಾಸನದಲ್ಲಿ ವಾರಕ್ಕೆ ಎರಡೇ ಸಲ ಹೋಗುತ್ತಿದ್ದರು. ಮೂರನೆಯದಕ್ಕೆ ದುಡ್ಡು ಹೊಂದುತ್ತಿರಲಿಲ್ಲ. ಡಯಾಲಿಸಿಸ್ ಮಾಡಿಸಿಕೊಳ್ಳುವವರ ಆ ನರದ ಮೇಲೆ ಬೆರಳಿಟ್ಟರೆ ಒಳಗೆ ಜೇನುಹುಳ ಸಿಕ್ಕಿಹಾಕಿಕೊಂಡ ಹಾಗೆ ಗುಂಯ್ ಅನ್ನುತ್ತೆ. ಆ ಗುಂಯ್ ನಿಂತರೆ ಆಸ್ಪತ್ರೆಗೆ ಓಡಬೇಕು. ಅಪ್ಪ ದಿನಾ ಬೆಳಿಗ್ಗೆ ಹಲ್ಲುಜ್ಜುವ ಮುಂಚೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಇವರೂ ಹಾಗೇ ಅಂತೆ.

ಅಲ್ಲಿಂದ ದಿನಾ ಐದು ನಿಮಿಷ ಮಾತು. ಅಪ್ಪನಿಗೆ ಎಳನೀರು ಬೇಡ ಅಂದಿದ್ದರು, ಇವರಿಗೆ ಸಿಹಿಗೆಣಸಿನ ಪೈ ಬೇಡ ಅಂದಿದ್ದಾರೆ. ಎರಡರಲ್ಲೂ ಪೊಟ್ಯಾಸಿಯಂ ಜಾಸ್ತಿ, ಕಿಡ್ನಿ ಕೆಟ್ಟವರಿಗೆ ಅದು ಆಗದು. ಇಬ್ಬರಿಗೂ ಬೇಜಾರು ಮಾತ್ರ ಒಂದೇ ಸಮ.

2023ರ ಅಕ್ಟೋಬರ್‌ನಲ್ಲಿ ಒಂದು ದಿನ ಡೆಸ್ಕ್ ಕೆಳಗಿನಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದು, "ನೀನು ಲೆಕ್ಕದವಳಲ್ವಾ, ಇದೇನು ನೋಡು" ಅಂದರು. ಕಿಡ್ನಿ ಕಸಿಗೆ ಹೆಸರು ಬರೆಸಿದ್ದ ಆಸ್ಪತ್ರೆಯಿಂದ ಬಂದ ಪತ್ರ. ಎರಡು ಸಲ ಓದಿದ ಮೇಲೆ ಅರ್ಥವಾಯಿತು. ಅರ್ಥವಾದ ಮೇಲೆ ಸಿಟ್ಟು ಬಂತು.

ವಿಷಯ ಇಷ್ಟು. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ರಕ್ತದ ಕ್ರಿಯಾಟಿನಿನ್ (ಸ್ನಾಯುಗಳಿಂದ ಬಂದು, ಕಿಡ್ನಿ ಹೊರಹಾಕಬೇಕಾದ ಕಸ), ವಯಸ್ಸು, ಗಂಡೋ ಹೆಣ್ಣೋ ಇಷ್ಟನ್ನು ಸೂತ್ರಕ್ಕೆ ಹಾಕಿ ಒಂದು ಸಂಖ್ಯೆ ತೆಗೆಯುತ್ತಾರೆ. ಅದಕ್ಕೆ ಇಜಿಎಫ್ಆರ್ ಅಂತ ಹೆಸರು. ಅದು 20ಕ್ಕೆ ಇಳಿದರೆ ಅಮೆರಿಕದಲ್ಲಿ ಕಸಿಯ ಪಟ್ಟಿಯಲ್ಲಿ ನಿಮ್ಮ ಕಾಯುವ ಗಡಿಯಾರ ಶುರುವಾಗಬಹುದು. ಡಯಾಲಿಸಿಸ್ ಶುರುವಾಗುವ ತನಕ ಕಾಯಬೇಕಿಲ್ಲ. ಗಡಿಯಾರ ಬೇಗ ಶುರುವಾದಷ್ಟೂ ಸರದಿಯಲ್ಲಿ ಮುಂದೆ. ಆದರೆ 1999ರಿಂದ ಬಳಕೆಗೆ ಬಂದ ಸೂತ್ರಗಳಲ್ಲಿ ಇನ್ನೊಂದು ಗುಣಾಕಾರ ಇತ್ತು. ರೋಗಿ ಕಪ್ಪು ಜನಾಂಗದವರಾದರೆ ಬಂದ ಉತ್ತರವನ್ನು 1.212ರಿಂದ ಗುಣಿಸಿ. 2009ರ ಸೂತ್ರದಲ್ಲಿ ಅದು 1.159 ಆಯಿತು. ಕಪ್ಪು ಜನರಿಗೆ ಸ್ನಾಯು ಜಾಸ್ತಿ, ಅದಕ್ಕೇ ರಕ್ತದಲ್ಲಿ ಕ್ರಿಯಾಟಿನಿನ್ನೂ ಜಾಸ್ತಿ ಅನ್ನುವ ಊಹೆ ಅದರ ಹಿಂದಿತ್ತು. ಅಂದರೆ ರಕ್ತ ಅದೇ ಇದ್ದರೂ ಅವರ ಕಿಡ್ನಿ ಕಾಗದದ ಮೇಲೆ ಗಟ್ಟಿಯಾಗಿ ಕಾಣುತ್ತೆ. ಪಟ್ಟಿಗೆ ಸೇರುವುದು ತಡವಾಗುತ್ತೆ.

2021ರಲ್ಲಿ ಜನಾಂಗ ಕೇಳದ ಹೊಸ ಸೂತ್ರ ಬಂತು. 2023ರ ಜನವರಿಯಿಂದ ಇನ್ನೊಂದು ನಿಯಮವೂ ಬಂತು. ಹಳೆಯ ಲೆಕ್ಕದಿಂದ ತಡವಾದ ಕಪ್ಪು ರೋಗಿಗಳನ್ನು ಎಲ್ಲ ಕಸಿ ಆಸ್ಪತ್ರೆಗಳೂ ಹುಡುಕಿ, ಅವರು ಕಳೆದುಕೊಂಡ ಕಾಲವನ್ನು ವಾಪಸ್ ಕೊಡಬೇಕು. ಅದಕ್ಕೆ ಪುರಾವೆ ಬೇಕು, ಅಂದರೆ ಡಯಾಲಿಸಿಸ್‌ಗೆ ಮುಂಚಿನ ಹಳೆಯ ರಿಪೋರ್ಟು. ಇವರು ಆಗ ತೋರಿಸುತ್ತಿದ್ದ ಕ್ಲಿನಿಕ್ ಮುಚ್ಚಿ ಎಷ್ಟೋ ಕಾಲವಾಗಿತ್ತು. "ನಿಮ್ಮ ಮನೇಲಿ ಏನಾದ್ರೂ ಹಳೇ ಕಾಗದ ಇದೆಯಾ?" ಅಂತ ಆಸ್ಪತ್ರೆಯವರು ಕೇಳಿದ್ದರು.

"ನನ್ನ ಹೆಂಡತಿ ಏನನ್ನೂ ಬಿಸಾಡಿದವಳಲ್ಲ" ಅಂದರು. "ಆದರೆ ಯಾವ ಕಾಗದ ಯಾವುದು ಅಂತ ನನಗೆ ಗೊತ್ತಾಗಲ್ಲ."

ಶನಿವಾರ ರೆಡ್ ಲೈನ್ ರೈಲು ಹತ್ತಿದೆ. ನಾನಿರುವುದು ಉತ್ತರದ ಕೊನೆಯಲ್ಲಿ, ಇಂಡಿಯನ್ ಅಂಗಡಿಗಳ ಡೆವಾನ್ ರಸ್ತೆಯ ಕಡೆ. ಅವರ ಮನೆ ದಕ್ಷಿಣದ ಚಾಥಮ್‌ನಲ್ಲಿ. ಇಷ್ಟು ವರ್ಷ ಈ ಊರಲ್ಲಿದ್ದರೂ ಡೌನ್‌ಟೌನ್ ದಾಟಿ ಆ ಕಡೆ ಹೋದದ್ದು ಅದೇ ಮೊದಲು. ಹೇಳಿಕೊಳ್ಳಲು ನಾಚಿಕೆ. "ಆ ಕಡೆ ಹೋಗಬೇಡಿ" ಅಂತ ನಮ್ಮವರು ಒಬ್ಬರಿಗೊಬ್ಬರು ಹೇಳಿಕೊಳ್ಳುವುದನ್ನು ನಾನೂ ಪ್ರಶ್ನೆ ಮಾಡದೆ ಪಾಲಿಸಿದ್ದೆ. ಅದೇ ರೈಲಿನ ದಾರಿಯಲ್ಲಿ ಮೊದಲು ಸ್ಟ್ರೀಟರ್‌ವಿಲ್ ಅನ್ನುವ ಬಡಾವಣೆ ಪಕ್ಕದಲ್ಲಿ ಸಿಗುತ್ತೆ, ಸುಮಾರು ಅರ್ಧ ಗಂಟೆಯ ಮೇಲೆ ಎಂಗಲ್‌ವುಡ್. ಮೊದಲನೆಯದರಲ್ಲಿ ಹುಟ್ಟಿದ ಮಗು ಸರಾಸರಿ 90 ವರ್ಷ ಬದುಕುತ್ತೆ, ಎರಡನೆಯದರಲ್ಲಿ ಹುಟ್ಟಿದ್ದು 60 ಅಂತ 2019ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದವರು ಲೆಕ್ಕ ಹಾಕಿದ್ದರು. ಮೊದಲನೆಯದರಲ್ಲಿ ಬಿಳಿಯರು ಹೆಚ್ಚು, ಎರಡನೆಯದರಲ್ಲಿ ಬಹುತೇಕ ಎಲ್ಲರೂ ಕಪ್ಪು ಜನ. ರೈಲೂ ಹಾಗೇ. ಡೌನ್‌ಟೌನ್ ದಾಟಿದ ಮೇಲೆ ಬೋಗಿಯಲ್ಲಿ ಒಬ್ಬ ಬಿಳಿಯರೂ ಉಳಿದಿರಲಿಲ್ಲ.

79ನೇ ಬೀದಿಯ ಸ್ಟೇಷನ್ ಹೆದ್ದಾರಿಯ ನಟ್ಟನಡುವೆ ಇದೆ. ಮೇಲೆ ಹತ್ತಿ ಬಂದರೆ ಸರ್ ನಿಂತಿದ್ದರು, ಇಸ್ತ್ರಿ ಮಾಡಿದ ಅಂಗಿ, ಟೋಪಿ. ಚಾಥಮ್ ಅಂದರೆ ನಾನು ಹೆದರಿದ್ದ ಹಾಗೆ ಏನೂ ಇಲ್ಲ. ಸಾಲಾಗಿ ಇಟ್ಟಿಗೆ ಮನೆಗಳು, ಮುಂದೆ ಕತ್ತರಿಸಿದ ಹುಲ್ಲು. ಮೇಷ್ಟ್ರುಗಳು, ಅಂಚೆಯವರು, ಬಸ್ ಡ್ರೈವರ್‌ಗಳು ಕಟ್ಟಿಕೊಂಡ ಬಡಾವಣೆ. ನಮ್ಮ ಕುವೆಂಪುನಗರದ ಹಳೇ ಮನೆಗಳ ಹಾಗೆ.

ಅಡುಗೆಮನೆ ಮೇಜಿನ ಮೇಲೆ ಮೂರು ಶೂ ಡಬ್ಬಿ. ಒಂದೊಂದು ವರ್ಷದ ರಿಪೋರ್ಟಿಗೂ ಒಂದೊಂದು ರಬ್ಬರ್ ಬ್ಯಾಂಡ್. ಎಷ್ಟೋ ರಬ್ಬರ್ ಒಣಗಿ ಮುಟ್ಟಿದರೆ ಪುಡಿಯಾಗುತ್ತಿತ್ತು. ಪ್ರತಿ ರಿಪೋರ್ಟಿನ ಮೂಲೆಯಲ್ಲಿ ನೀಲಿ ಪೆನ್ನಿನಲ್ಲಿ ದುಂಡಗೆ ಬರೆದ ಟಿಪ್ಪಣಿ: 'ಬಿಪಿ ಮಾತ್ರೆ ಬದಲು', 'ಉಪ್ಪು ಕಮ್ಮಿ ಅಂತ ಹೇಳಿದರು, ಇವರು ಕೇಳಲ್ಲ'. ಬರೆದ ಅವರ ಹೆಂಡತಿಯ ಕೈ ಈಗ ಇಲ್ಲ. 2020ರ ಏಪ್ರಿಲ್‌ನಲ್ಲಿ ಕೋವಿಡ್ ಅವರನ್ನು ಕರೆದುಕೊಂಡು ಹೋಯಿತು. ಆ ತಿಂಗಳ ಮೊದಲ ವಾರ ಶಿಕಾಗೋದಲ್ಲಿ ಕೋವಿಡ್‌ನಿಂದ ಸತ್ತವರಲ್ಲಿ ನೂರಕ್ಕೆ 70ರಷ್ಟು ಕಪ್ಪು ಜನ. ಊರಿನ ಜನಸಂಖ್ಯೆಯಲ್ಲಿ ಅವರು ಇರುವುದು 30ರಷ್ಟು. ಆಗಿನ ಮೇಯರ್ ಲೋರಿ ಲೈಟ್‌ಫೂಟ್ ಆ ಅಂಕಿ ಹೇಳಿದ್ದನ್ನು ನಾನೂ ಟಿವಿಯಲ್ಲಿ ನೋಡಿದ್ದೆ. ಆ ಹೊತ್ತಿಗೆ ಇವರು ಇದೇ ಅಡುಗೆಮನೆಯಲ್ಲಿ ಒಬ್ಬರೇ ಕೂತಿದ್ದರು.

ಸರ್ 2015ರ ಕಟ್ಟು ತೆಗೆದರು, ನಾನು 2016ರದ್ದು. ಮೇ ತಿಂಗಳ ರಿಪೋರ್ಟಿನಲ್ಲಿ ಸಿಕ್ಕಿತು. ಕ್ರಿಯಾಟಿನಿನ್ 3.5. ಕೆಳಗೆ ಎರಡು ಸಾಲು. 'ಆಫ್ರಿಕನ್ ಅಮೆರಿಕನ್ ಅಲ್ಲದವರಿಗೆ: 18.' 'ಆಫ್ರಿಕನ್ ಅಮೆರಿಕನ್: 21.' ಎರಡನೆಯದರ ಸುತ್ತ ಡಾಕ್ಟರು ಪೆನ್ನಿನಲ್ಲಿ ಸುತ್ತು ಹಾಕಿದ್ದರು. ಮೂಲೆಯಲ್ಲಿ ನೀಲಿ ಅಕ್ಷರ: 'ಇನ್ನೂ 20ಕ್ಕೆ ಬಂದಿಲ್ಲ. ದೇವರು ದೊಡ್ಡವನು.'

ನಾನು ಕ್ಯಾಲ್ಕುಲೇಟರ್ ತೆಗೆದು ತೋರಿಸಿದೆ. ಹದಿನೆಂಟನ್ನು 1.159ರಿಂದ ಗುಣಿಸಿದರೆ 20.86. ಅದನ್ನೇ 21 ಅಂತ ಹಾಕಿದ್ದಾರೆ.

ಸರ್ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು ನಿಂತು, ಅಂಗಿಯ ತೋಳು ಮೇಲೆತ್ತಿ, ಕಡ್ಡಿಯಂಥ ಬಲಗೈ ಮಡಚಿ ಪೈಲ್ವಾನರ ಹಾಗೆ ತೋರಿಸಿದರು. "ನೋಡಮ್ಮಾ ಸ್ನಾಯು. ಇದಕ್ಕೇ ಮೂರು ಮಾರ್ಕ್ಸ್ ಜಾಸ್ತಿ ಕೊಟ್ಟಿದ್ದು." ನಗಬೇಕೋ ಬೇಡವೋ ಗೊತ್ತಾಗದೆ ಇಬ್ಬರೂ ನಕ್ಕೆವು.

ಅವರಿಗೆ ಡಯಾಲಿಸಿಸ್ ಶುರುವಾದದ್ದು 2018ರ ಮಾರ್ಚ್‌ನಲ್ಲಿ. ಪಟ್ಟಿಯ ಗಡಿಯಾರವೂ ಅಂದಿನಿಂದಲೇ. ಒಂದು ವರ್ಷ ಹತ್ತು ತಿಂಗಳು ಹೋಗಿತ್ತು. ಅಮೆರಿಕದ ಜನಸಂಖ್ಯೆಯಲ್ಲಿ ಕಪ್ಪು ಜನ ನೂರಕ್ಕೆ 13ರಷ್ಟು. ಡಯಾಲಿಸಿಸ್ ಕುರ್ಚಿಗಳಲ್ಲಿ ಕೂತವರಲ್ಲಿ ಮಾತ್ರ ಸುಮಾರು ಮೂರನೇ ಒಂದು ಭಾಗ. ಬಿಪಿ, ಶುಗರ್, ತಡವಾಗಿ ಸಿಗುವ ಡಾಕ್ಟರು, ಇಷ್ಟು ಸಾಲದು ಅಂತ ಈ ಗುಣಾಕಾರ ಬೇರೆ. ಬೇಕಂತಲೇ ಮಾಡಿದ್ದಲ್ಲ ಅನ್ನುತ್ತಾರೆ. ಇರಬಹುದು. ಆದರೆ ಇಪ್ಪತ್ತು ವರ್ಷ ಆ ಎರಡು ಸಾಲು ಅಚ್ಚಾಗುತ್ತಲೇ ಇದ್ದವು, ಲಕ್ಷಾಂತರ ಡಾಕ್ಟರು ನೋಡಿದರು. ನನ್ನದೇ 2019ರ ರಿಪೋರ್ಟನ್ನು ವಾಪಸ್ ರೈಲಿನಲ್ಲಿ ಫೋನಿನಲ್ಲಿ ತೆಗೆದರೆ ಅದರಲ್ಲೂ ಎರಡು ಸಾಲು. ನಾನು 'ಅಲ್ಲದವರು'. ಹಾಗಂತ ನಮ್ಮ ಜನಕ್ಕೆ ಎಲ್ಲ ಲೆಕ್ಕವೂ ಸರಿ ಇದೆ ಅಂತಲ್ಲ. ತೆಳ್ಳಗಿದ್ದರೂ ನಮಗೆ ಶುಗರ್ ಬೇಗ ಬರುತ್ತೆ ಅಂತ ಒಪ್ಪಿ, ಏಷ್ಯಾ ಮೂಲದವರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 23ಕ್ಕೇ ಪರೀಕ್ಷೆ ಮಾಡಿ ಅಂತ ಅಮೆರಿಕದ ಡಯಾಬಿಟಿಸ್ ಸಂಘ ಹೇಳಿದ್ದು 2015ರಲ್ಲಿ. ಅದಕ್ಕೂ ಮುಂಚೆ 25.

ರಿಪೋರ್ಟಿನ ಫೋಟೋ ಅಲ್ಲೇ ಆಸ್ಪತ್ರೆಗೆ ಕಳಿಸಿದ್ದೆವು. ಡಿಸೆಂಬರ್‌ನಲ್ಲಿ ಉತ್ತರ ಬಂತು. ಅವರ ಗಡಿಯಾರ 2016ರ ಮೇ ತಿಂಗಳಿಗೆ ಹಿಂದೆ ಸರಿದಿತ್ತು. ದೇಶದಲ್ಲಿ ಹೀಗೆ ಕಾಲ ವಾಪಸ್ ಸಿಕ್ಕವರು 2024ರ ಮಾರ್ಚ್ ಹೊತ್ತಿಗೆ 14,000ಕ್ಕೂ ಜಾಸ್ತಿ, ಸರಾಸರಿ ಎರಡು ವರ್ಷದಷ್ಟು. ಆ ಸಂಜೆ ಡೆಸ್ಕ್‌ನಲ್ಲಿ ಪತ್ರ ತೋರಿಸಿ, "ಅವಳಿಗೆ ಹೇಳಬೇಕಿತ್ತು, ಡಬ್ಬಿ ಬಿಸಾಡು ಅಂತ ನಾನೇ ಜಗಳ ಆಡಿದ್ದೆ" ಅಂದರು.

ಈಗ ಅವರ ಫೋನು ಸದಾ ಡೆಸ್ಕ್ ಮೇಲೆ, ಸದ್ದು ಪೂರ್ತಿ ಏರಿಸಿ. ಕಿಡ್ನಿ ಯಾವ ಹೊತ್ತಿಗೆ ಬೇಕಾದರೂ ಬರಬಹುದು, ಎತ್ತದಿದ್ದರೆ ಮುಂದಿನವರಿಗೆ ಹೋಗುತ್ತೆ. ಮೊನ್ನೆ ನಾನು ಹೊರಡುವಾಗ ಗೊತ್ತಿಲ್ಲದ ನಂಬರಿನಿಂದ ರಿಂಗಾಯಿತು. ಇಬ್ಬರೂ ಉಸಿರು ಹಿಡಿದೆವು. ಅವರು ಎರಡೂ ಕೈಯಲ್ಲಿ ಫೋನು ಹಿಡಿದು 'ಹಲೋ' ಅಂದರು. ಕಾರಿನ ವಾರಂಟಿ ಮುಗಿಯುತ್ತಿದೆಯಂತೆ. ಅವರ ಹತ್ತಿರ ಕಾರೇ ಇಲ್ಲ.